ಒಂದಡಿ ದಪ್ಪದ ಮ್ಯಾಟ್ ಮೇಲೆ ಬಿದ್ದರೂ ಕಾಲು ಮುರಿಯುವುದೇಕೆ?

ಕೃತಕ ಗೋಡೆ ಹತ್ತುವ ಕ್ಲೈಂಬಿಂಗ್ ಜಿಮ್‌ನಲ್ಲಿ ಬಿದ್ದು ಯಾರದೋ ಕಾಲು ಮುರಿಯಿತು, ಬೆನ್ನಿಗೆ ಪೆಟ್ಟಾಯಿತು ಎಂಬ ಸುದ್ದಿ ಆಗಾಗ ಬರುತ್ತದೆ. ಜೊತೆಗೆ ಒಂದು ಫೋಟೊ ಇರುತ್ತದೆ. ಗೋಡೆಯ ಎತ್ತರ ಎರಡಾಳಿಗಿಂತ ತುಸು ಹೆಚ್ಚು, ಅಷ್ಟೆ. ಕೆಳಗೆ ಗೋಡೆಯಿಂದ ಗೋಡೆಗೆ ದಪ್ಪನೆಯ, ಮೆತ್ತನೆಯ ಮ್ಯಾಟ್. ನೋಡಿದವರಿಗೆ ತಲೆಬುಡ ತಿಳಿಯುವುದಿಲ್ಲ. ಇಂಥ ಹಾಸಿನ ಮೇಲೆ ಬಿದ್ದರೂ ಮೂಳೆ ಮುರಿಯುತ್ತದೆಯೇ? ಮುರಿದರೆ ತಪ್ಪು ಯಾರದು, ಮ್ಯಾಟಿನದೋ, ಜಿಮ್ ನಡೆಸುವವರದೋ, ಬಿದ್ದವರದೋ?

ಗಾಯಗೊಂಡವರು ಕೋರ್ಟಿಗೆ ಹೋದ ಸುದ್ದಿ ಓದಿದರೆ ಗೊಂದಲ ಇನ್ನಷ್ಟು ಹೆಚ್ಚುತ್ತದೆ. ಒಂದು ಪ್ರಕರಣದಲ್ಲಿ ಪಾದದ ಕೀಲು ಮುರಿದವರಿಗೆ ಪರಿಹಾರ ಸಿಗುತ್ತದೆ, ಇನ್ನೊಂದರಲ್ಲಿ ಜೀವಮಾನವಿಡೀ ಗಾಲಿಕುರ್ಚಿ ಹಿಡಿದವರಿಗೆ ಚಿಕ್ಕಾಸೂ ಸಿಗುವುದಿಲ್ಲ. ಮೇಲ್ನೋಟಕ್ಕೆ ಅನ್ಯಾಯವೆಂದೇ ಅನಿಸುವ ಈ ವ್ಯತ್ಯಾಸದ ಹಿಂದೆ ಒಂದು ತರ್ಕವಿದೆ. ಆ ತರ್ಕ ಹಿಡಿಯಬೇಕಾದರೆ ಮೊದಲು ಮ್ಯಾಟ್ ಏನು ಮಾಡುತ್ತದೆ, ಏನು ಮಾಡಲಾರದು ಎಂಬುದು ಗೊತ್ತಾಗಬೇಕು.

ಮೂರು ತೀರ್ಪುಗಳು

ಈ ವಿಷಯದಲ್ಲಿ ಹೆಚ್ಚು ಚರ್ಚೆಯಾದ ತೀರ್ಪುಗಳು ಇಂಗ್ಲೆಂಡಿನವು. ಮೊದಲನೆಯದು 2002ರ ಅಪಘಾತಕ್ಕೆ ಸಂಬಂಧಿಸಿದ್ದು. ಚಟುವಟಿಕೆ ಕೇಂದ್ರವೊಂದರ ತಗ್ಗು ಗೋಡೆಯಲ್ಲಿ ಹಗ್ಗವಿಲ್ಲದೆ ಹತ್ತುತ್ತಿದ್ದ ಯುವಕನೊಬ್ಬ ಎದುರು ಗೋಡೆಯ ಬದಿಯಲ್ಲಿದ್ದ ಕಂಬಿಯನ್ನು ಹಿಡಿಯಲು ಹಾರಿದ. ಕೈ ಸಿಗಲಿಲ್ಲ. ಗಾಳಿಯಲ್ಲಿ ತಿರುಗಿ ದಪ್ಪ ಮ್ಯಾಟ್ ಮೇಲೆ ತಲೆಕೆಳಗಾಗಿ ಬಿದ್ದ. ಕತ್ತಿನಿಂದ ಕೆಳಗೆ ಕೈಕಾಲುಗಳ ಸ್ವಾಧೀನ ಹೋಯಿತು. ವಿಚಾರಣಾ ನ್ಯಾಯಾಲಯ ಕೇಂದ್ರದ ಮೇಲೆ ಶೇ 25ರಷ್ಟು ಹೊಣೆ ಹೊರಿಸಿತು. ದಪ್ಪ ಮ್ಯಾಟ್ ಕಂಡವರಿಗೆ ಇಲ್ಲಿ ಬಿದ್ದರೆ ಏನೂ ಆಗದು ಎಂಬ ಹುಸಿ ಧೈರ್ಯ ಬರುತ್ತದೆ, ಆ ಭ್ರಮೆಯ ಬಗ್ಗೆ ಎಚ್ಚರಿಸುವುದು ಕೇಂದ್ರದ ಕೆಲಸವಾಗಿತ್ತು ಎಂಬುದು ಅದರ ನಿಲುವು. 2008ರಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನು ಪೂರ್ತಿ ತಳ್ಳಿಹಾಕಿತು. ಬಿದ್ದರೆ ಪೆಟ್ಟಾಗುತ್ತದೆ ಎಂಬುದು ಯಾವ ವಯಸ್ಕನಿಗೂ ಕಣ್ಣಿಗೆ ಕಾಣುವ ಸಂಗತಿ, ಎಷ್ಟೇ ದಪ್ಪ ಮ್ಯಾಟ್ ಹಾಸಿದರೂ ಅಡ್ಡಾದಿಡ್ಡಿ ಬಿದ್ದವರಿಗೆ ಗಂಭೀರ ಗಾಯವಾಗುವ ಸಾಧ್ಯತೆ ಇದ್ದೇ ಇರುತ್ತದೆ, ಅದನ್ನು ಹೇಳಿಕೊಡುವ ಹೊಣೆ ಕೇಂದ್ರಕ್ಕಿಲ್ಲ ಎಂದಿತು.

ಎರಡನೆಯದು 2012ರ ಹೈಕೋರ್ಟ್ ತೀರ್ಪು. ಕಂಪನಿಯೊಂದರ ನೌಕರರು ಗುಂಪಾಗಿ ಕ್ಲೈಂಬಿಂಗ್ ಕೇಂದ್ರಕ್ಕೆ ಬಂದಿದ್ದರು. ತರಬೇತುದಾರರು ಜೊತೆಗಿದ್ದರು. ಮೊದಲ ಸಲ ಗೋಡೆ ಹತ್ತಿದ ಮಹಿಳೆಯೊಬ್ಬರು ಕೊನೆಯಲ್ಲಿ ಮೇಲಿನಿಂದ ಮ್ಯಾಟ್ ಮೇಲೆ ಜಿಗಿದರು, ಪಾದದ ಕೀಲು ಮುರಿಯಿತು. ಜಿಗಿಯಬಾರದು, ಹಿಡಿದುಕೊಂಡೇ ಇಳಿಯಬೇಕು ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಇಲ್ಲಿ ಕೇಂದ್ರದ್ದೇ ತಪ್ಪು ಎಂದು ತೀರ್ಪಾಯಿತು. ಮೂರನೇ ಒಂದು ಪಾಲು ಹೊಣೆಯನ್ನು ಆಕೆಯ ಮೇಲೂ ಹಾಕಲಾಯಿತು.

ಮೂರನೆಯದು 2017ರದು. ಅನುಭವವಿದ್ದ ಗೆಳೆಯರ ಜೊತೆ ಮೊದಲ ಸಲ ಬಂದಿದ್ದ ಮಹಿಳೆ ತಗ್ಗು ಗೋಡೆಯಿಂದ ಬಿದ್ದರು, ಬೆನ್ನಿಗೆ ತೀವ್ರ ಪೆಟ್ಟಾಯಿತು. ದಾವೆ ವಜಾ ಆಯಿತು. ಅಪಾಯ ಎದ್ದು ಕಾಣುವಂತಿತ್ತು ಎಂಬುದೇ ಕಾರಣ.

ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎಷ್ಟು ಗಾಯವಾಯಿತು ಎಂಬುದು ತೀರ್ಪನ್ನು ನಿರ್ಧರಿಸಿಲ್ಲ, ಮ್ಯಾಟ್ ಎಷ್ಟು ದಪ್ಪವಿತ್ತು ಎಂಬುದೂ ನಿರ್ಧರಿಸಿಲ್ಲ. ಹತ್ತಿಸುವ ಜವಾಬ್ದಾರಿಯನ್ನು ಕೇಂದ್ರ ಕೈಗೆತ್ತಿಕೊಂಡಿತ್ತೇ ಎಂಬುದು ನಿರ್ಧರಿಸಿದೆ. ತರಬೇತುದಾರ ಪಕ್ಕದಲ್ಲಿ ನಿಂತಿದ್ದಾನೆ ಎಂದರೆ ಅವನು ಹೇಳಬೇಕಾದ್ದನ್ನು ಹೇಳಲೇಬೇಕು. ಯಾರೂ ನಿಂತಿಲ್ಲದಿದ್ದರೆ ವಯಸ್ಕರು ತಮ್ಮ ಕಣ್ಣು ತಾವು ಬಳಸಬೇಕು. ಕಾನೂನಿನ ದೃಷ್ಟಿಯಲ್ಲಿ ಇದು ಸರಿಯಾಗಿಯೇ ಇದೆ. ಆದರೆ ಇದರ ಅಡ್ಡಪರಿಣಾಮ ಚಿಂತೆಗೀಡುಮಾಡುವಂಥದ್ದು. ಕಲಿಸಲು ಹೋದವರು ಹೊಣೆ ಹೊರುತ್ತಾರೆ, ಒಂದು ಫಾರಂಗೆ ಸಹಿ ಹಾಕಿಸಿಕೊಂಡು ಒಳಗೆ ಬಿಟ್ಟವರು ಪಾರಾಗುತ್ತಾರೆ ಎಂಬ ಅರ್ಥವೂ ಇದರಿಂದ ಹೊರಡುತ್ತದೆ. ಆ ವಿಷಯಕ್ಕೆ ಮತ್ತೆ ಬರೋಣ.

ಹಗ್ಗವಿಲ್ಲದ ಗೋಡೆಗಳು ಏಕೆ ಹೆಚ್ಚಿದವು

ಒಳಾಂಗಣ ಗೋಡೆಗಳಲ್ಲಿ ಎರಡು ಬಗೆ. 12ರಿಂದ 18 ಮೀಟರ್ ಎತ್ತರದ ಗೋಡೆಗಳಲ್ಲಿ ಹಗ್ಗ ಕಟ್ಟಿಕೊಂಡು ಹತ್ತುತ್ತಾರೆ. ಕೈ ಜಾರಿದರೆ ಹಗ್ಗ ಹಿಡಿಯುತ್ತದೆ, ನೆಲದವರೆಗೆ ಬರುವ ಪ್ರಮೇಯವೇ ಇರಬಾರದು. ಬೌಲ್ಡರಿಂಗ್ ಎನ್ನುವ ಇನ್ನೊಂದು ಬಗೆಯಲ್ಲಿ ಗೋಡೆ ಸುಮಾರು 4ರಿಂದ 4.5 ಮೀಟರ್. ಹಗ್ಗವಿಲ್ಲ, ಸೊಂಟಪಟ್ಟಿಯಿಲ್ಲ, ಕೆಳಗಿನಿಂದ ಹಿಡಿದುಕೊಳ್ಳುವ ಜೊತೆಗಾರ ಬೇಕಿಲ್ಲ. ಶೂ ಹಾಕಿಕೊಂಡು ಕೈಗೆ ಸೀಮೆಸುಣ್ಣದಂಥ ಪುಡಿ ಹಚ್ಚಿಕೊಂಡರೆ ಆಯಿತು. ಇಲ್ಲಿ ಕೈಬಿಟ್ಟ ಪ್ರತಿಯೊಬ್ಬರೂ ಕೆಳಗಿನ ಮ್ಯಾಟಿಗೇ ಬರುತ್ತಾರೆ. ಬೀಳುವುದು ಈ ಆಟದ ಭಾಗ. ಒಂದು ಸಂಜೆಯಲ್ಲಿ ಒಬ್ಬರೇ ಮೂವತ್ತು ನಲವತ್ತು ಸಲ ಬೀಳಬಹುದು.

ಕ್ಲೈಂಬಿಂಗ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿ ಪದಕದ ಆಟವಾಯಿತು, 2024ರ ಪ್ಯಾರಿಸ್‌ನಲ್ಲೂ ಮುಂದುವರಿಯಿತು. ಹೊಸ ಜಿಮ್‌ಗಳಲ್ಲಿ ಬಹಳಷ್ಟು ಬೌಲ್ಡರಿಂಗ್‌ಗೆ ಮಾತ್ರ ಮೀಸಲು. ಎತ್ತರದ ಕಟ್ಟಡ ಬೇಕಿಲ್ಲ, ಹಗ್ಗದ ಗಂಟು ಪರಿಶೀಲಿಸುವ ಸಿಬ್ಬಂದಿ ಬೇಕಿಲ್ಲ, ಬಂದವರು ಐದು ನಿಮಿಷದಲ್ಲಿ ಗೋಡೆಯ ಮೇಲಿರಬಹುದು. ಹೊಸಬರನ್ನು ಇಷ್ಟು ಬೇಗ ಗೋಡೆಗೆ ಹಚ್ಚಬಲ್ಲ ಈ ಸರಳತೆಯಲ್ಲೇ ತೊಂದರೆಯ ಬೇರು ಇದೆ. ಹಗ್ಗದ ಗೋಡೆಗೆ ಹೋಗುವವರು ಗಂಟು ಹಾಕುವುದನ್ನಾದರೂ ಕಲಿತು ಹೋಗುತ್ತಾರೆ. ಬೌಲ್ಡರಿಂಗ್‌ನಲ್ಲಿ ಕಲಿಯಲೇಬೇಕಾದ ಒಂದೇ ವಿದ್ಯೆ ಬೀಳುವುದು, ಅದನ್ನೇ ಕಲಿಸದೆ ಬಿಡುವುದು ರೂಢಿಯಾಗಿಬಿಟ್ಟಿದೆ.

ಗೋಡೆಯ ಮೇಲಿನ ಆಟವೂ ಬದಲಾಗಿದೆ. ಮೊದಲೆಲ್ಲ ಒಂದೊಂದೇ ಹೋಲ್ಡ್ (ಗೋಡೆಗೆ ಬಿಗಿದ ಹಿಡಿಕೆ) ಹಿಡಿದು ನಿಧಾನವಾಗಿ ಏರುವುದಿತ್ತು. ಕೈಬಿಟ್ಟರೆ ನೆಟ್ಟಗೆ ಕೆಳಗೆ, ಕಾಲಿನ ಮೇಲೆ. ಈಗ ಸ್ಪರ್ಧೆಗಳ ಪ್ರಭಾವದಿಂದ ಓಡಿ ಹಾರುವುದು, ಒಂದು ದೊಡ್ಡ ಉಬ್ಬಿನಿಂದ ಇನ್ನೊಂದಕ್ಕೆ ಚಿಮ್ಮುವುದು, ಎರಡೂ ಕೈಕಾಲು ಒಟ್ಟಿಗೆ ಗಾಳಿಯಲ್ಲಿರುವುದು ಸಾಮಾನ್ಯ. ಹಾರಿ ತಪ್ಪಿದವರು ಬೀಳುವಾಗ ದೇಹ ಪಕ್ಕಕ್ಕೆ ಸಾಗುತ್ತಲೂ ತಿರುಗುತ್ತಲೂ ಇರುತ್ತದೆ. 2002ರ ಆ ಯುವಕನಿಗೆ ಆದದ್ದೂ ಇದೇ.

ಮುಕ್ಕಾಲು ಸೆಕೆಂಡಿನ ಲೆಕ್ಕ

3 ಮೀಟರ್ ಬೀಳಲು ಹಿಡಿಯುವ ಸಮಯ ಸುಮಾರು 0.78 ಸೆಕೆಂಡು. ಮ್ಯಾಟ್ ಮುಟ್ಟುವಾಗಿನ ವೇಗ ಗಂಟೆಗೆ 28 ಕಿಲೋಮೀಟರ್. 4 ಮೀಟರ್ ಆದರೆ 32 ಕಿಲೋಮೀಟರ್. ತುಸು ಜೋರಾಗಿ ಸೈಕಲ್ ಓಡಿಸುತ್ತಿರುವವರು ಒಮ್ಮೆಲೇ ಗೋಡೆಗೆ ಗುದ್ದಿದ ಹಾಗೆ ಎಂದುಕೊಳ್ಳಬಹುದು. ಕೈ ಜಾರಿತು ಎಂದು ಗೊತ್ತಾಗುವುದಕ್ಕೇ ಸೆಕೆಂಡಿನ ಐದನೇ ಒಂದು ಪಾಲು ಹೋಗಿರುತ್ತದೆ. ಉಳಿದ ಅರೆ ಸೆಕೆಂಡಿನಲ್ಲಿ ಯೋಚಿಸಿ ಕೈಕಾಲು ಹೊಂದಿಸಿಕೊಳ್ಳುವುದು ಯಾರಿಂದಲೂ ಆಗದು. ಮೊದಲೇ ರೂಢಿಯಾಗಿದ್ದರೆ ಮಾತ್ರ ದೇಹ ತಾನಾಗಿ ಮಾಡುತ್ತದೆ.

ಪೆಟ್ಟಿನ ಜೋರು ನಿರ್ಧಾರವಾಗುವುದು ಎಷ್ಟು ದೂರದಲ್ಲಿ ನಿಂತೆವು ಎಂಬುದರಿಂದ. 3 ಮೀಟರ್ ಬಿದ್ದ ದೇಹವನ್ನು ಮ್ಯಾಟ್ 15 ಸೆಂಟಿಮೀಟರ್ ಕುಸಿದು ನಿಲ್ಲಿಸಿತು ಎನ್ನಿ. 3 ಮೀಟರನ್ನು 15 ಸೆಂಟಿಮೀಟರಿನಿಂದ ಭಾಗಿಸಿದರೆ 20. ಅಂದರೆ ಸರಾಸರಿ ಗುರುತ್ವಾಕರ್ಷಣೆಯ 20 ಪಟ್ಟು ವೇಗಕುಸಿತ. ಅದೇ ವ್ಯಕ್ತಿ ಮ್ಯಾಟ್ ಮುಟ್ಟಿದ ಕ್ಷಣ ಮೊಣಕಾಲು, ಸೊಂಟ ಮಡಚುತ್ತ ಕುಕ್ಕರಿಸಿ ಹಿಂದಕ್ಕೆ ಉರುಳಿದರೆ ಮುಂಡಕ್ಕೆ ಇನ್ನೂ 45 ಸೆಂಟಿಮೀಟರ್ ಸಿಗುತ್ತದೆ. ಒಟ್ಟು 60 ಸೆಂಟಿಮೀಟರ್. ಆಗ ಬೆನ್ನುಮೂಳೆಗೆ ತಗಲುವುದು 5 ಪಟ್ಟು ಮಾತ್ರ. ಮ್ಯಾಟ್ ಕೊಡುವುದಕ್ಕಿಂತ ಮೂರು ಪಟ್ಟು ಹೆಚ್ಚು ದೂರವನ್ನು ನಮ್ಮ ಕಾಲುಗಳೇ ಕೊಡುತ್ತವೆ. ಕಾಲು ಸೆಟೆಸಿಕೊಂಡು ನೆಟ್ಟಗೆ ಬಿದ್ದವರು ಇಷ್ಟನ್ನೂ ಕಳೆದುಕೊಳ್ಳುತ್ತಾರೆ. ಕುಂಡೆಯ ಮೇಲೆ ಬಿದ್ದವರಿಗೆ ಮ್ಯಾಟಿನ 15 ಸೆಂಟಿಮೀಟರ್ ಬಿಟ್ಟರೆ ಬೇರೇನೂ ಇಲ್ಲ.

ಗೋಡೆಯ ಎತ್ತರವೊಂದನ್ನೇ ನೋಡಿ ಅಂದಾಜು ಮಾಡುವುದೂ ತಪ್ಪು. 4 ಮೀಟರ್ ಎತ್ತರದ ಕೊನೆಯ ಹೋಲ್ಡನ್ನು ಎರಡೂ ಕೈಯಲ್ಲಿ ಹಿಡಿದು ತೂಗುತ್ತಿರುವವರ ಪಾದ ನೆಲದಿಂದ ಹೆಚ್ಚೆಂದರೆ 2 ಮೀಟರ್ ಮೇಲಿರುತ್ತದೆ. ಕೈಬಿಟ್ಟರೆ ಪಾದ ಬೀಳುವುದು ಅಷ್ಟೇ ದೂರ. ಅದೇ ಗೋಡೆಯ ನೆತ್ತಿಯ ಮೇಲೆ ಹತ್ತಿ ನಿಲ್ಲುವಂತಿದ್ದರೆ, ಅಂಚಿನಲ್ಲಿ ಎಡವಿದವರ ಪಾದ ಪೂರ್ತಿ 4 ಮೀಟರ್ ಬೀಳುತ್ತದೆ. ಚಾವಣಿಯಂತೆ ಮುಂಬಾಗಿದ ಗೋಡೆಯಲ್ಲಿ ಕಾಲನ್ನೂ ಮೇಲೆ ಸಿಕ್ಕಿಸಿಕೊಂಡು ಬಾವಲಿಯಂತೆ ಜೋತಿರುವವರು ಬಿದ್ದರೆ ಬೆನ್ನು, ಕೆಲವೊಮ್ಮೆ ತಲೆ ಮೊದಲು ಬರುತ್ತದೆ. ಎತ್ತರ ಒಂದೇ ಆದರೂ ಈ ಮೂರು ಬೀಳುಗಳಿಗೆ ಹೋಲಿಕೆಯೇ ಇಲ್ಲ.

ಫೋಮಿನ ಒಳಗೆ

ಮ್ಯಾಟಿನ ಹೊದಿಕೆಯ ಜಿಪ್ ಎಳೆದು ಒಳಗೆ ನೋಡಿದರೆ ಸಾಮಾನ್ಯವಾಗಿ ಎರಡು ಬಗೆಯ ಫೋಮ್ ಕಾಣುತ್ತದೆ. ಮೇಲೆ ಕೆಲವೇ ಸೆಂಟಿಮೀಟರಿನ ಗಟ್ಟಿ ಪದರ. ಇದರ ಒಂದೊಂದು ಗುಳ್ಳೆಯೂ ಮುಚ್ಚಿದ್ದು, ಗಾಳಿ ಒಳಗೇ ಸೆರೆ. ಬೆರಳಿನಿಂದ ಒತ್ತಿದರೆ ಅಷ್ಟಾಗಿ ಕುಸಿಯದು. ಅದರಡಿ ಒಂದಡಿಯ ಹತ್ತಿರ ದಪ್ಪದ ಮೆತ್ತನೆಯ ಪಾಲಿಯುರಿಥೇನ್. ಇದರ ಗುಳ್ಳೆಗಳು ಒಂದಕ್ಕೊಂದು ತೆರೆದುಕೊಂಡಿರುತ್ತವೆ, ಒತ್ತಿದರೆ ಗಾಳಿ ಹೊರಗೆ ಹೋಗುತ್ತದೆ. ಇಂಥ ಹಗುರ ಫೋಮಿನಲ್ಲಿ ನೂರಕ್ಕೆ 97 ಪಾಲು ಗಾಳಿಯೇ.

ಎರಡೂ ಪದರ ಏಕೆ ಬೇಕು? ಮೆತ್ತನೆಯದೊಂದೇ ಇದ್ದರೆ ಪಾದ ಅದರೊಳಗೆ ಕೆಸರಿನಲ್ಲಿ ಹೂತಂತೆ ಹೂತುಹೋಗುತ್ತದೆ. ಪಾದ ಸಿಕ್ಕಿಕೊಂಡಿದ್ದು ದೇಹ ಪಕ್ಕಕ್ಕೆ ತಿರುಗಿದರೆ ಪಾದದ ಕೀಲು ಹೊರಳುತ್ತದೆ, ಇಲ್ಲವೇ ಮೊಣಕಾಲಿನ ಲಿಗಮೆಂಟ್ ಹರಿಯುತ್ತದೆ. ಮೇಲಿನ ಗಟ್ಟಿ ಪದರ ಪಾದ ಚುಚ್ಚಿಕೊಂಡು ಹೋಗದಂತೆ ತಡೆದು ಭಾರವನ್ನು ಅಗಲಕ್ಕೆ ಹಂಚುತ್ತದೆ. ಗಟ್ಟಿಯದೊಂದೇ ಇದ್ದರೆ ಪಾದ ಸಿಕ್ಕಿಕೊಳ್ಳದು ನಿಜ, ಆದರೆ ಬೆನ್ನ ಮೇಲೆ ಬಿದ್ದವರಿಗೆ ಹಲಗೆಯ ಮೇಲೆ ಬಿದ್ದಂತಾಗುತ್ತದೆ. ಕಾಲಿಗೆ ಬೇಕಾದದ್ದು ಗಟ್ಟಿತನ, ಬೆನ್ನಿಗೆ ತಲೆಗೆ ಬೇಕಾದದ್ದು ಮೆತ್ತಗಿನದು. ಯಾವ ಮ್ಯಾಟೂ ಎರಡನ್ನೂ ಪೂರ್ತಿ ಕೊಡಲಾರದು. ಮ್ಯಾಟ್ ತಯಾರಿಕೆ ಎಂದರೆ ಇವೆರಡರ ನಡುವಿನ ರಾಜಿ. ಇನ್ನೂ ದಪ್ಪ ಹಾಕಿ, ಇನ್ನೂ ಮೆತ್ತಗೆ ಮಾಡಿ ಎಂದು ಪ್ರತಿ ಅಪಘಾತದ ನಂತರ ಕೇಳಿಬರುವ ಕೂಗು ಈ ಕಾರಣಕ್ಕೆ ದಾರಿ ತಪ್ಪಿಸುತ್ತದೆ. ಬೆನ್ನು ಉಳಿಸಲು ಮೆತ್ತಗೆ ಮಾಡಿದಷ್ಟೂ ಮೊಣಕಾಲು, ಪಾದದ ಕೀಲುಗಳ ಗಾಯ ಹೆಚ್ಚುವ ಅಪಾಯವಿದೆ.

ಫೋಮ್ ಸವೆಯುವ ರೀತಿಯೂ ಗೊತ್ತಿರಬೇಕು. ಫೋಮನ್ನು ಒತ್ತುತ್ತ ಹೋದರೆ ಮೊದಲು ತುಸು ಎದುರು ಕೊಡುತ್ತದೆ, ಆಮೇಲೆ ಗುಳ್ಳೆಗಳ ಗೋಡೆ ಬಾಗಿ ಒಂದೇ ಸಮನೆ ಕುಸಿಯುತ್ತದೆ. ಪೆಟ್ಟನ್ನು ಹೀರುವುದು ಈ ಕುಸಿತದ ಹಂತ. ಅರ್ಧಕ್ಕಿಂತ ಹೆಚ್ಚು ಅಮುಕಿ ಇನ್ನೂ ಮುಂದೆ ಹೋದರೆ ಗುಳ್ಳೆಗಳೆಲ್ಲ ಒಂದಕ್ಕೊಂದು ಅಂಟಿ, ಫೋಮ್ ಗಟ್ಟಿ ರಬ್ಬರಿನಂತಾಗಿ, ಬಲ ಥಟ್ಟನೆ ಏರುತ್ತದೆ. ಕೆಳಗಿನ ಕಾಂಕ್ರೀಟು ತಾಗಿದ ಅನುಭವ ಅದು. ಜನ ಹೆಚ್ಚು ಬೀಳುವ ಜಾಗದಲ್ಲಿ, ಅಂದರೆ ಮುಂಬಾಗಿದ ಗೋಡೆಯ ಕೆಳಗೆ ಮತ್ತು ಎಲ್ಲರೂ ಪ್ರಯತ್ನಿಸುವ ದಾರಿಯ ಬುಡದಲ್ಲಿ, ಸಾವಿರಾರು ಬೀಳುಗಳಾದ ಮೇಲೆ ಗುಳ್ಳೆಗಳ ಗೋಡೆ ಮುರಿದು ಫೋಮ್ ಒಳಗೇ ಬಲ ಕಳೆದುಕೊಂಡಿರುತ್ತದೆ. ಹೊರಗಿನಿಂದ ಹೊದಿಕೆ ಬಿಗಿಯಾಗಿ ಕಾಣುತ್ತದೆ. ಅಳೆದರೆ ದಪ್ಪವೂ ಬಹುತೇಕ ಅಷ್ಟೇ ಇರುತ್ತದೆ. ಆದರೆ ಪೆಟ್ಟು ಹೀರುವ ಶಕ್ತಿ ಹೋಗಿರುತ್ತದೆ. ಮ್ಯಾಟಿನ ವಯಸ್ಸನ್ನು ಕಣ್ಣಿನಿಂದ ಹೇಳಲಾಗದು ಎಂಬುದನ್ನು ಸಾಮಾನ್ಯ ಗ್ರಾಹಕರು ತಿಳಿದಿರುವುದು ಬಹಳ ಮುಖ್ಯ.

ಇನ್ನು ಸಂದುಗಳು. ಎರಡು ಮ್ಯಾಟ್ ಸೇರುವಲ್ಲಿ ವೆಲ್ಕ್ರೋ ಪಟ್ಟಿ ಹಚ್ಚಿರುತ್ತಾರೆ. ಪಟ್ಟಿಯಡಿ ಮ್ಯಾಟ್‌ಗಳು ಬೆರಳಷ್ಟು ದೂರ ಸರಿದರೂ ಸಾಕು, ಹಿಮ್ಮಡಿ ಅಲ್ಲಿಗೇ ಬಿದ್ದರೆ ಅರ್ಧ ಪಾದ ಸಂದಿನೊಳಗೆ, ಅರ್ಧ ಮೇಲೆ. ಹೊಸ ಜಿಮ್‌ಗಳು ಬಿಡಿ ಮ್ಯಾಟ್ ಬಿಟ್ಟು ನೆಲವಿಡೀ ಒಂದೇ ಹೊದಿಕೆ ಹಾಕುತ್ತಿರುವುದು ಈ ಕಾರಣಕ್ಕೆ. ಆ ಹೊದಿಕೆಯೂ ಡೋಲಿನ ಚರ್ಮದಂತೆ ಬಿಗಿಯಾಗಿದ್ದರೆ ಫೋಮ್ ಕುಸಿಯಲು ಬಿಡದು, ಸಡಿಲವಾಗಿದ್ದರೆ ಕಾಲಡಿ ಸುಕ್ಕುಗಟ್ಟಿ ಜಾರಿಸುತ್ತದೆ.

ತಲೆಗೆ ಪರೀಕ್ಷೆ, ಪೆಟ್ಟು ಕಾಲಿಗೆ

‘ನಮ್ಮ ಮ್ಯಾಟ್ ಮಾನದಂಡಕ್ಕೆ ಅನುಗುಣವಾಗಿದೆ’ ಎಂಬ ಫಲಕ ಹಲವೆಡೆ ಕಾಣುತ್ತದೆ. ಯೂರೋಪಿನಲ್ಲಿ ಕೃತಕ ಗೋಡೆಗಳಿಗೆ ಇಎನ್ 12572 ಎಂಬ ಮಾನದಂಡವಿದೆ. ಅದರ ಎರಡನೇ ಭಾಗ ಬೌಲ್ಡರಿಂಗ್ ಗೋಡೆಗಳದು. ಗೋಡೆ ಎಷ್ಟು ಎತ್ತರ ಇರಬಹುದು, ಬೀಳುವ ಜಾಗ ಗೋಡೆಯಿಂದ ಎಷ್ಟು ಹೊರಗೆ, ಎಷ್ಟು ಪಕ್ಕಕ್ಕೆ ಹರಡಿರಬೇಕು ಎಂಬುದನ್ನೆಲ್ಲ ಅದು ಹೇಳುತ್ತದೆ. ಬಹಳ ಉಪಯುಕ್ತ ದಾಖಲೆ ಅದು.

ಬೀಳುವ ನೆಲದ ಬಗ್ಗೆ ಹೆಚ್ಚು ಹಳೆಯ, ಹೆಚ್ಚು ಗಟ್ಟಿ ಚಿಂತನೆ ನಡೆದಿರುವುದು ಮಕ್ಕಳ ಆಟದ ಮೈದಾನಗಳ ವಿಷಯದಲ್ಲಿ. ಯೂರೋಪಿನ ಇಎನ್ 1177, ಅಮೆರಿಕದ ಎಎಸ್‌ಟಿಎಂ ಎಫ್1292 ಎರಡೂ ಅರ್ಧಗೋಳದಂಥ ಕೃತಕ ತಲೆಯನ್ನು ನೆಲದ ಮೇಲೆ ಬೀಳಿಸಿ ಅಳೆಯುತ್ತವೆ. ವೇಗಕುಸಿತ ಗುರುತ್ವದ 200 ಪಟ್ಟು ಮೀರಬಾರದು, ತಲೆಗಾಯದ ಸೂಚ್ಯಂಕ 1000 ದಾಟಬಾರದು. ಆಟದ ಸಲಕರಣೆಗಳ ಯೂರೋಪಿಯನ್ ಮಾನದಂಡವಾದ ಇಎನ್ 1176 ಮಕ್ಕಳು ಬೀಳಬಹುದಾದ ಎತ್ತರವನ್ನು 3 ಮೀಟರಿಗೆ ಸೀಮಿತಗೊಳಿಸಿದೆ. ಇದೆಲ್ಲದರ ಗುರಿ ಒಂದೇ, ಮಗು ಬಿದ್ದು ತಲೆಗೆ ಪೆಟ್ಟಾಗಿ ಸಾಯಬಾರದು. ಕೈ ಮುರಿಯದಂತೆ ತಡೆಯುತ್ತೇವೆ ಎಂಬ ಭರವಸೆ ಅದರಲ್ಲಿಲ್ಲ.

ಇಲ್ಲೇ ಜನಸಾಮಾನ್ಯರ ನಿರೀಕ್ಷೆಗೂ ಪ್ರಯೋಗಾಲಯದ ಅಳತೆಗೂ ನಡುವೆ ಬಿರುಕು ಬೀಳುತ್ತದೆ. ತೂಕವನ್ನು ನೇರವಾಗಿ ಬೀಳಿಸಿ ಅಳೆಯುವ ಪರೀಕ್ಷೆ ಪಾದ ಪಕ್ಕಕ್ಕೆ ಹೊರಳಿದಾಗ ಏನಾಗುತ್ತದೆ ಎಂಬುದನ್ನು ಹೇಳಲಾರದು. ತಿರುಗುತ್ತಿರುವ ಮೊಣಕಾಲನ್ನು ಅದು ಕಂಡೇ ಇಲ್ಲ. 25 ಕೆ.ಜಿ. ತೂಗುವ ಮಗು, 90 ಕೆ.ಜಿ.ಯ ವಯಸ್ಕ ಇಬ್ಬರೂ ಅದೇ ಮ್ಯಾಟ್ ಮೇಲೆ ಬೀಳುತ್ತಾರೆ. 3 ಮೀಟರಿನಿಂದ ಬಿದ್ದ ಮಗು ತರುವ ಶಕ್ತಿ ಸುಮಾರು 740 ಜೂಲ್, ವಯಸ್ಕನದು 2,650 ಜೂಲ್. ಇವರಿಬ್ಬರಿಗೂ ಸರಿಹೊಂದುವ ಒಂದೇ ಫೋಮ್ ಆರಿಸುವುದು ಎಷ್ಟು ಕಷ್ಟ ಎಂದು ಬೇರೆ ಹೇಳಬೇಕಿಲ್ಲ.

ಎಲ್ಲಿ ಮುರಿಯುತ್ತದೆ

ಕಾಲಿನ ಮೇಲೆ ಓರೆಯಾಗಿ ಬಿದ್ದರೆ ಪಾದದ ಕೀಲಿನ ಉಳುಕು, ಬಿರುಕು, ಮುರಿತ. ಕ್ಲೈಂಬಿಂಗ್ ಶೂ ಇದಕ್ಕೆ ಇನ್ನಷ್ಟು ಅನುಕೂಲ ಮಾಡಿಕೊಡುತ್ತದೆ. ಬೆರಳುಗಳನ್ನು ಮಡಚಿ ಬಿಗಿಹಿಡಿಯುವ ಆ ಶೂವಿನಲ್ಲಿ ಪಾದ ಅಗಲವಾಗಿ ಊರಲು ಆಗುವುದಿಲ್ಲ, ಕೀಲಿಗೆ ಆಸರೆಯೂ ಇಲ್ಲ. ಹಿಂದಕ್ಕೆ ಬೀಳುತ್ತ ಕೈ ಊರಿದವರಿಗೆ ಮಣಿಕಟ್ಟು ಮುರಿಯುತ್ತದೆ, ಮೊಣಕೈ ತಪ್ಪುತ್ತದೆ. ನೆಲ ಮುಟ್ಟುವ ಮುನ್ನ ಕೈ ಚಾಚುವುದು ಹುಟ್ಟಿನಿಂದ ಬಂದ ಅಭ್ಯಾಸ, ಆದ್ದರಿಂದ ಇದನ್ನು ಬಿಡಿಸಲು ಅಭ್ಯಾಸವೇ ಬೇಕು. ಕುಂಡೆಯ ಮೇಲೆ ಬಿದ್ದರೆ ಪೆಟ್ಟು ನೇರ ಬೆನ್ನುಮೂಳೆಗೆ ಏರಿ, ಎದೆ ಮತ್ತು ಸೊಂಟ ಸೇರುವ ಭಾಗದ ಕಶೇರು ಜಜ್ಜಿಹೋಗಬಹುದು. ತಲೆ ಮೊದಲಾಗಿ ಬೀಳುವುದು ಅಪರೂಪ. ಆದರೆ ಆದಾಗ ಮೆತ್ತನೆಯ ಮ್ಯಾಟೇ ಕತ್ತಿಗೆ ಶತ್ರು. ತಲೆ ಫೋಮಿನಲ್ಲಿ ಹೂತು ನಿಂತುಬಿಡುತ್ತದೆ, ಹಿಂದಿನಿಂದ ಬರುವ ದೇಹದ ಭಾರವೆಲ್ಲ ಕತ್ತಿನ ಮೇಲೆ.

ಇನ್ನೊಂದು ಗಾಯಕ್ಕೂ ಮ್ಯಾಟಿಗೂ ವಿಚಿತ್ರ ನಂಟು. ಮ್ಯಾಟ್ ನೋಡಲು ಸೋಫಾದಂತಿರುತ್ತದೆ. ಹತ್ತಿ ದಣಿದವರು ಅಲ್ಲೇ ಕೂರುತ್ತಾರೆ, ಮಕ್ಕಳು ಓಡುತ್ತಾರೆ, ನೀರಿನ ಬಾಟಲಿ, ಬ್ರಷ್, ಫೋನು ಇಟ್ಟಿರುತ್ತಾರೆ. ಮೇಲಿನಿಂದ ಬೀಳುವವರಿಗೆ ಕೆಳಗಿರುವವರು ಕಾಣುವುದಿಲ್ಲ. ಒಬ್ಬರ ಮೇಲೊಬ್ಬರು ಬಿದ್ದಾಗ ಇಬ್ಬರಿಗೂ ಗಾಯ.

ಅಂಕಿಗಳನ್ನು ಓದುವ ಬಗೆ

ಹಾಗಾದರೆ ಇದು ಅಪಾಯದ ಆಟವೇ? ಲಭ್ಯವಿರುವ ಎಣಿಕೆಗಳು ಹಾಗೆನ್ನುವುದಿಲ್ಲ. 1995ರಲ್ಲಿ ಪ್ರಕಟವಾದ ಬ್ರಿಟನ್ನಿನ ಸಮೀಕ್ಷೆಯಲ್ಲಿ ಒಳಾಂಗಣ ಗೋಡೆಗಳಿಗೆ ಜನ ಕೊಟ್ಟ 10.21 ಲಕ್ಷ ಭೇಟಿಗಳಲ್ಲಿ ಗಣನೀಯ ಗಾಯ ಕಂಡುಬಂದದ್ದು 55. 2013ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನ 5 ವರ್ಷಗಳ 5,15,337 ಭೇಟಿಗಳನ್ನು ಗಮನಿಸಿ 30 ಗಾಯಗಳನ್ನು ದಾಖಲಿಸಿತು. ಸಾವಿರ ಗಂಟೆ ಹತ್ತಿದರೆ 0.02 ಗಾಯ. ಎರಡೂ ಕಡೆ ಲೆಕ್ಕ ಹಾಕಿದರೆ ಸುಮಾರು ಹದಿನೇಳರಿಂದ ಹತ್ತೊಂಬತ್ತು ಸಾವಿರ ಭೇಟಿಗೊಂದು ಗಾಯ. ಅಂಕಿಗಳು ಧೈರ್ಯ ಕೊಡುವಂತಿವೆ, ಜಿಮ್ ಮಾಲೀಕರು ಇವನ್ನು ಮುಂದಿಡುವುದರಲ್ಲಿ ತಪ್ಪೇನೂ ಇಲ್ಲ.

ಆದರೆ ಇವು ಹಗ್ಗ ಮತ್ತು ಬೌಲ್ಡರಿಂಗ್ ಎರಡನ್ನೂ ಕೂಡಿಸಿದ ಲೆಕ್ಕ. ಜರ್ಮನಿಯ ಅಧ್ಯಯನ ಗಾಯದ ತೀವ್ರತೆ ನೋಡಿ ಚಿಕ್ಕಪುಟ್ಟದ್ದನ್ನು ಬಿಟ್ಟಿದೆ. ಪಾದ ಉಳುಕಿ ಕುಂಟುತ್ತ ಮನೆಗೆ ಹೋಗಿ, ಮಾರನೆಯ ದಿನ ಊದಿಕೊಂಡ ಮೇಲೆ ವೈದ್ಯರ ಬಳಿ ಹೋದವರು ಇಂಥ ಎಣಿಕೆಗಳಿಂದ ಸುಲಭವಾಗಿ ತಪ್ಪಿಸಿಕೊಳ್ಳುತ್ತಾರೆ. ಅಲ್ಲದೆ ಎರಡೂ ಎಣಿಕೆಗಳು ಒಲಿಂಪಿಕ್ಸ್‌ಗೆ ಮುಂಚಿನವು, ಹಾರುವ ಆಟ ಇಷ್ಟು ಹರಡಿರದ ಕಾಲದವು. ಆಸ್ಪತ್ರೆಯ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಅಮೆರಿಕದ ತುರ್ತು ಚಿಕಿತ್ಸಾ ವಿಭಾಗಗಳಿಗೆ 1990ರಿಂದ 2007ರವರೆಗೆ ಕ್ಲೈಂಬಿಂಗ್ ಗಾಯಗಳಿಂದ ಬಂದವರ ಅಂದಾಜು 40 ಸಾವಿರ ದಾಟಿತ್ತು. ಹೊರಗಿನ ಬಂಡೆ, ಒಳಗಿನ ಗೋಡೆ ಎರಡೂ ಇದರಲ್ಲಿ ಸೇರಿವೆ. ಹೆಚ್ಚಿನವರು ಬಿದ್ದೇ ಗಾಯಗೊಂಡವರು, ಪೆಟ್ಟು ಹೆಚ್ಚು ತಿಂದದ್ದು ಕಾಲುಗಳು, ಅದರಲ್ಲೂ ಪಾದದ ಕೀಲು. ಜಿಮ್‌ನ ದಾಖಲೆ ಪುಸ್ತಕ ಮತ್ತು ಆಸ್ಪತ್ರೆಯ ದಾಖಲೆ ಪುಸ್ತಕ ಒಂದನ್ನೊಂದು ಸುಳ್ಳಾಗಿಸುತ್ತಿಲ್ಲ. ಒಂದರಲ್ಲಿರುವ ಹಲವರು ಇನ್ನೊಂದರಲ್ಲಿ ಇಲ್ಲ, ಅಷ್ಟೆ.

ಯಾರ ವಾದ ಏನು

ಜಿಮ್ ನಡೆಸುವವರ ವಾದ ಸರಳ. ಬೀಳುವ ಅಪಾಯ ಈ ಆಟದ ಹುಟ್ಟುಗುಣ, ಒಪ್ಪಿಕೊಂಡೇ ಜನ ಬರುತ್ತಾರೆ. ಬ್ರಿಟನ್ನಿನ ಪರ್ವತಾರೋಹಣ ಮಂಡಳಿಯ ಘೋಷಣೆಯೂ ಇದನ್ನೇ ಹೇಳುತ್ತದೆ, ಗಾಯ ಮತ್ತು ಸಾವಿನ ಅಪಾಯವನ್ನು ಅರಿತು, ಒಪ್ಪಿ, ತಮ್ಮ ಹೊಣೆ ತಾವೇ ಹೊರಬೇಕು ಎಂದು. ಗಾಯಗೊಂಡವರ ಪರ ವಕೀಲರು ಬೇರೆ ಕಡೆಯಿಂದ ಬರುತ್ತಾರೆ. ಹೊಸಬರಿಗೆ ಮ್ಯಾಟ್ ಒಂದು ಮಾತು ಕೊಟ್ಟಂತೆ ಕಾಣುತ್ತದೆ, ಜಿಗಿ, ಏನೂ ಆಗದು ಎಂದು. ಕಣ್ಣಿಗೆ ಕಾಣುವ ಅಪಾಯ ಎಂದು ನ್ಯಾಯಾಧೀಶರು ಕರೆದದ್ದು ಅನುಭವಿಗೆ ಕಾಣುತ್ತದೆ, ಮೊದಲ ದಿನ ಬಂದವರಿಗೆ ಕಾಣುವುದು ಮೆತ್ತನೆಯ ನೆಲ. ಹಳೆಯ ಕ್ಲೈಂಬರುಗಳಲ್ಲಿ ಮೂರನೆಯ ಮಾತೊಂದಿದೆ. ಕೆಳಗೆ ಜಲ್ಲಿಕಲ್ಲು ಇದ್ದ ಕಾಲದಲ್ಲಿ ಜನ ಹಿಡಿದುಕೊಂಡು ಇಳಿಯುತ್ತಿದ್ದರು, ಮ್ಯಾಟ್ ದಪ್ಪವಾದಷ್ಟೂ ಎಚ್ಚರ ತೆಳುವಾಯಿತು ಎಂದು.

ಮೂರರಲ್ಲೂ ಸತ್ಯವಿದೆ. ಆದರೆ ಮೂರನೆಯದನ್ನು ತುದಿಗೆ ಒಯ್ದರೆ ಅಪಾಯ. ಮ್ಯಾಟ್ ತೆಗೆದರೆ ಜನ ಹುಷಾರಾಗುತ್ತಾರೆ ಎಂದು ಯಾರೂ ಮನುಷ್ಯರ ಮೂಳೆಗಳ ಮೇಲೆ ಪ್ರಯೋಗ ಮಾಡುವಂತಿಲ್ಲ. ಮೊದಲ ಎರಡು ವಾದಗಳ ನಡುವಿನ ಜಗಳದಲ್ಲಿ ನನಗೆ ಹೆಚ್ಚು ಸರಿ ಕಾಣುವುದು ಹೊಸಬರ ಪರವಾದ ವಾದ. ಅಪಾಯ ಒಪ್ಪಿಕೊಳ್ಳಬೇಕಾದರೆ ಅದು ಏನೆಂದು ಗೊತ್ತಿರಬೇಕಲ್ಲವೇ? ಬಿದ್ದರೆ ಪೆಟ್ಟಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕೈ ಊರಬಾರದು, ಸಂದಿನ ಮೇಲೆ ಬೀಳಬಾರದು, ಗೋಡೆಯ ತುದಿಯಿಂದ ಜಿಗಿಯಬಾರದು ಎಂಬುದು ಹೇಳದೆ ಗೊತ್ತಾಗುವಂಥದ್ದಲ್ಲ.

ಸಹಿ ಹಾಕಿದ ಫಾರಂ ಎಲ್ಲ ಕಡೆಯೂ ಜಿಮ್ ಅನ್ನು ಕಾಪಾಡುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಬ್ರಿಟನ್ನಿನ ಕಾನೂನಿನ (1977ರ ಅನ್ಯಾಯದ ಕರಾರು ಕಾಯ್ದೆ, ಗ್ರಾಹಕರ ಮಟ್ಟಿಗೆ ಈಗ 2015ರ ಗ್ರಾಹಕ ಹಕ್ಕುಗಳ ಕಾಯ್ದೆ) ಪ್ರಕಾರ ನಿರ್ಲಕ್ಷ್ಯದಿಂದಾದ ಸಾವು, ದೈಹಿಕ ಗಾಯಗಳ ಹೊಣೆಯನ್ನು ಯಾವ ಕರಾರಿನಿಂದಲೂ ತೊಳೆದುಕೊಳ್ಳಲಾಗದು. ನ್ಯೂಯಾರ್ಕ್ ರಾಜ್ಯದ ಕಾನೂನೂ ಹಣ ಪಡೆದು ಮನರಂಜನೆ ಒದಗಿಸುವ ಜಾಗಗಳಲ್ಲಿ ಇಂಥ ವಿನಾಯಿತಿ ಪತ್ರಗಳನ್ನು ಅನೂರ್ಜಿತ ಎನ್ನುತ್ತದೆ. ಅಮೆರಿಕದ ಬೇರೆ ಹಲವು ರಾಜ್ಯಗಳಲ್ಲಿ ಅವು ಊರ್ಜಿತ. ಒಂದೇ ಬಗೆಯ ಅಪಘಾತಕ್ಕೆ ಬೇರೆ ಬೇರೆ ಕಡೆ ಬೇರೆ ಫಲಿತಾಂಶ ಬರುವುದಕ್ಕೆ ಇದೂ ಒಂದು ಕಾರಣ.

ಹಗ್ಗದ ಗೋಡೆಯ ಕೆಳಗಿನ ಮ್ಯಾಟ್

ಹಗ್ಗದ ಗೋಡೆಯ ಬುಡದಲ್ಲೂ ತೆಳುವಾದ ಹಾಸು ಇರುತ್ತದೆ. ಅದು ಕೆಲಸಕ್ಕೆ ಬರುವುದು ಮೊದಲ ಕೆಲವು ಅಡಿಗಳಲ್ಲಿ ಜಾರಿದಾಗ ಮಾತ್ರ. ತಾನಾಗಿ ಹಗ್ಗ ಸುತ್ತಿಕೊಳ್ಳುವ ಯಂತ್ರಗಳಿರುವ ಗೋಡೆಯಲ್ಲಿ ಕೊಕ್ಕೆ ಸಿಕ್ಕಿಸಿಕೊಳ್ಳುವುದನ್ನೇ ಮರೆತು ಮೇಲೆ ಹತ್ತಿ ಕೈಬಿಟ್ಟವರಿದ್ದಾರೆ. 12 ಮೀಟರಿನಿಂದ ಬಿದ್ದರೆ ವೇಗ ಗಂಟೆಗೆ 55 ಕಿಲೋಮೀಟರ್. ಅಲ್ಲಿ ಮ್ಯಾಟಿನ ಮಾತೇ ಬರುವುದಿಲ್ಲ. ಹಗ್ಗದ ಕೊಕ್ಕೆಯನ್ನು ಸಿಕ್ಕಿಸಿಟ್ಟು, ಅದನ್ನು ಬಿಚ್ಚಿಕೊಳ್ಳದೆ ಗೋಡೆಯ ಬಳಿಗೇ ಹೋಗಲಾಗದಂತೆ ದಾರಿಗೆ ಅಡ್ಡ ಕಟ್ಟುವ ತ್ರಿಕೋನದ ದಪ್ಪ ಬಟ್ಟೆ ಮ್ಯಾಟಿಗಿಂತ ಎಷ್ಟೋ ಹೆಚ್ಚು ಜೀವ ಉಳಿಸುತ್ತದೆ.

ಮುಂದೆ ಏನಾಗಬಹುದು

ದಾವೆಗಳು ಹೆಚ್ಚಿದರೆ ಮೊದಲು ಎಚ್ಚೆತ್ತುಕೊಳ್ಳುವುದು ವಿಮೆ ಕಂಪನಿಗಳು. ಕಂತು ಏರುತ್ತದೆ, ಅದರ ಜೊತೆ ಷರತ್ತುಗಳೂ ಬರುತ್ತವೆ. ಗೋಡೆ ತಗ್ಗಿಸಿ, ನೆತ್ತಿಯ ಮೇಲೆ ಹತ್ತಿ ನಿಲ್ಲುವ ಗೋಡೆ ಬೇಡ, ಇಷ್ಟು ವಯಸ್ಸಿನ ಒಳಗಿನ ಮಕ್ಕಳಿಗೆ ಪ್ರವೇಶವಿಲ್ಲ. ಇವುಗಳಲ್ಲಿ ಕೆಲವು ಒಳ್ಳೆಯವೇ. ಆದರೆ ಎತ್ತರಕ್ಕೊಂದೇ ಕತ್ತರಿ ಹಾಕಿದರೆ ಪಾದದ ಕೀಲು ಉಳಿಯುವುದಿಲ್ಲ, ಏಕೆಂದರೆ ಓರೆಯಾಗಿ ಬಿದ್ದರೆ 1 ಮೀಟರ್ ಎತ್ತರವೂ ಸಾಕು.

ಇನ್ನೊಂದು ದಿಕ್ಕಿನಲ್ಲಿ, ಕಲಿಸಿದರೆ ಹೊಣೆ ಬೀಳುತ್ತದೆ ಎಂಬ ಭಯದಿಂದ ಜಿಮ್‌ಗಳು ಹೊಸಬರಿಗೆ ಹೇಳಿಕೊಡುವುದನ್ನೇ ನಿಲ್ಲಿಸಿ ಪರದೆಯ ಮೇಲೆ ಎರಡು ನಿಮಿಷದ ವಿಡಿಯೊ ತೋರಿಸಿ ಕೈತೊಳೆದುಕೊಳ್ಳಬಹುದು. ಇದು ಎಲ್ಲಕ್ಕಿಂತ ಕೆಟ್ಟ ಪರಿಣಾಮ. 2012ರ ತೀರ್ಪು ಶಿಕ್ಷಿಸಿದ್ದು ಕಲಿಸಿದ್ದಕ್ಕಲ್ಲ, ಪಕ್ಕದಲ್ಲಿದ್ದೂ ಹೇಳದೆ ಇದ್ದದ್ದಕ್ಕೆ. ವಿಡಿಯೊ ನೋಡಿದವರ ದೇಹಕ್ಕೆ ಬೀಳುವುದು ಬರುವುದಿಲ್ಲ. ಅರ್ಧ ಮೀಟರ್ ಎತ್ತರದಿಂದ ಇಳಿದು, ಪಾದಗಳನ್ನು ಭುಜದಷ್ಟು ಅಗಲಿಸಿ ಊರಿ, ಕುಕ್ಕರಿಸಿ, ಗದ್ದ ಎದೆಗೆ ಒತ್ತಿ, ಕೈಗಳನ್ನು ಎದೆಯ ಮೇಲೆ ಅಡ್ಡ ಹಿಡಿದು ಹಿಂದಕ್ಕೆ ಉರುಳುವುದನ್ನು ಹತ್ತು ಸಲ ಮಾಡಿಸಿದರೆ ಬರುತ್ತದೆ. ಆಮೇಲೆ 1 ಮೀಟರಿನಿಂದ ಹತ್ತು ಸಲ. ಒಟ್ಟು ಹತ್ತು ಹದಿನೈದು ನಿಮಿಷದ ಕೆಲಸ.

ಮ್ಯಾಟಿನ ವಿಷಯದಲ್ಲಿ ಗ್ರಾಹಕರು ಕೇಳಬೇಕಾದ ಪ್ರಶ್ನೆ ಎಷ್ಟು ದಪ್ಪ ಎಂಬುದಲ್ಲ. ಯಾವ ವರ್ಷ ಹಾಕಿದ್ದು, ಒಳಗಿನ ಫೋಮನ್ನು ಕೊನೆಯ ಸಲ ತೆರೆದು ನೋಡಿದ್ದು ಯಾವಾಗ, ಹೆಚ್ಚು ಸವೆದ ಜಾಗದ ತುಂಡುಗಳನ್ನು ಅದಲುಬದಲು ಮಾಡುತ್ತೀರಾ ಎಂದು ಕೇಳಬೇಕು. ಬಾಗಿಲಲ್ಲೇ ಇದನ್ನು ಬರೆದು ಹಾಕಲು ಜಿಮ್‌ಗೆ ಒಂದು ಹಾಳೆ ಸಾಕು.

ಉಳಿದದ್ದು ಗೋಡೆಯ ಮೇಲೆ ದಾರಿ ಕೂರಿಸುವ ರೂಟ್ ಸೆಟರ್‌ಗಳ ಕೈಯಲ್ಲಿದೆ. ಕೊನೆಯ ಹೋಲ್ಡ್ ಮುಟ್ಟಿದವರು ಜಿಗಿಯದೆ ಇಳಿಯುವಂತೆ ಪಕ್ಕದಲ್ಲೇ ಕೈತುಂಬ ಹಿಡಿಯುವ ದೊಡ್ಡ ಹೋಲ್ಡ್‌ಗಳ ಸಾಲು ಇಡಬಹುದು. ಹಾರಬೇಕಾದ ಚಲನೆಯನ್ನು ಗೋಡೆಯ ತುದಿಯ ಬದಲು ಬುಡಕ್ಕೆ ತರಬಹುದು, ತಪ್ಪಿದವರು ಇನ್ನೊಂದು ದಾರಿಯ ಕೆಳಗೆ ನಿಂತವರ ಮೇಲೆ ಬೀಳದಂತೆ ದಿಕ್ಕು ತಿರುಗಿಸಬಹುದು. ಯಾರು ಬಿದ್ದರು ಎಂಬುದರ ಜೊತೆಗೆ ಯಾವ ದಾರಿಯ ಯಾವ ಹೋಲ್ಡಿನಿಂದ ಬಿದ್ದರು ಎಂದು ಅಪಘಾತದ ಪುಸ್ತಕದಲ್ಲಿ ಬರೆದಿಟ್ಟರೆ, ಒಂದೇ ಜಾಗದಲ್ಲಿ ಎರಡನೆಯವರ ಪಾದ ಹೊರಳಿದ ಸಂಜೆಯೇ ಆ ಹೋಲ್ಡನ್ನು ಕಳಚಬಹುದು. ಅದು ಒಂದು ಬೋಲ್ಟಿನಲ್ಲಿ ನಿಂತಿರುತ್ತದೆ, ಬಿಚ್ಚಲು ಒಂದು ಅಲೆನ್ ಕೀ ಮತ್ತು ಅರ್ಧ ನಿಮಿಷ ಸಾಕು.